ಕಥೆ ಎಲ್ಲಿ ಮುಗಿಯುತ್ತದೆ?

ನಿರ್ಣಾದಲ್ಲಿರುವ ನಮ್ಮ ಹಿರಿಯರ ಮನೆಯ ಅಡುಗೆ ಕೋಣೆಯ ಅಟ್ಟದ ಮೇಲೆ ಒಂದು ಹಿತ್ತಾಳೆಯ ಬೋಗಾಣಿ ಬೋರಲಾಗಿ ಕುಳಿತಿದೆ. ನನ್ನ ತಂದೆಯ ತಾಯಿ ಮದುವೆಯಾಗಿ ಈ ಮನೆಗೆ ಬರುವಾಗ ತಂದಿದ್ದ ಪಾತ್ರೆ ಅದು. ಅವರನ್ನು ನಾವೆಲ್ಲ ‘ಆಯಿ’ ಎನ್ನುತ್ತಿದ್ದೆವು. ನನಗೆ ತಿಳಿವಳಿಕೆ ಬಂದಾಗಿನಿಂದ ಆ ಬೋಗಾಣಿ ಒಲೆ ಏರಿದ್ದನ್ನು ನಾನು ಕಂಡಿಲ್ಲ. ಹಿತ್ತಾಳೆಯ ಪಾತ್ರೆಯ ಒಳಮೈಗೆ ಕಲಾಯಿ ಇರಬೇಕು. ಇಲ್ಲದಿದ್ದರೆ ಹುಳಿ ತಾಗಿ ಕಿಲುಬು ಏಳುತ್ತದೆ, ಉಂಡವರ ಹೊಟ್ಟೆ ಕೆಡುತ್ತದೆ. ನನ್ನ ಬಾಲ್ಯದಲ್ಲಿ ಕಲಾಯಿ ಹಾಕುವವರು ವರ್ಷಕ್ಕೊಮ್ಮೆ ಊರಿಗೆ ಬಂದು, ಬೇವಿನ ಮರದ ನೆರಳಿನಲ್ಲಿ ತಿದಿ ಹೂಡಿ, ನವಸಾಗರದ ಹೊಗೆ ಎಬ್ಬಿಸುತ್ತಿದ್ದರು. ಓಣಿಯ ಹೆಂಗಸರೆಲ್ಲ ತಂತಮ್ಮ ಪಾತ್ರೆ ಹೊತ್ತು ಹೋಗುತ್ತಿದ್ದರು. ಆಯಿ ಮಾತ್ರ ಹೋಗುತ್ತಿರಲಿಲ್ಲ. ಕೇಳಿದರೆ, “ಅದಕ್ಕ ಕಲಾಯಿ ಹಾಕಾಂವ ಬ್ಯಾರೆ ಇದ್ದ” ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು. ಮುದುಕಿಯ ಜಿಪುಣತನವೆಂದು ನಾವು ಮಕ್ಕಳು ನಗುತ್ತಿದ್ದೆವು.

ಆ ಮಾತಿನ ಅರ್ಥ ನನಗೆ ತಿಳಿದದ್ದು ಕಳೆದ ವರ್ಷ. ಅದನ್ನು ಹೇಳುವ ಮುನ್ನ, ನಾನು ಮಾಡಿದ ಒಂದು ಭಾಷಣದ ಬಗೆಗೂ ಓದಿದ ಒಂದು ಪುಸ್ತಕದ ಬಗೆಗೂ ಹೇಳಬೇಕಾಗಿದೆ.

ನಮ್ಮ ಬೀದರ್ ಸೀಮೆ 1948ರವರೆಗೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತೆಂಬುದು ಓದುಗರಿಗೆ ಗೊತ್ತಿರುವ ಸಂಗತಿ. 1947ರಲ್ಲಿ ದೇಶ ಸ್ವತಂತ್ರವಾದಾಗ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತದ ಒಕ್ಕೂಟವನ್ನು ಸೇರಲಿಲ್ಲ. ಲಾತೂರಿನ ವಕೀಲ ಕಾಸಿಂ ರಜ್ವಿಯ ಮುಂದಾಳತ್ವದಲ್ಲಿ ರಜಾಕಾರರ ಪಡೆ ಬೆಳೆದು, ಹಳ್ಳಿ ಹಳ್ಳಿಗಳಲ್ಲಿ ಸುಲಿಗೆ, ಬೆಂಕಿ, ಕೊಲೆಗಳು ನಡೆದವು. 1948ರ ಮೇ ತಿಂಗಳಿನಲ್ಲಿ ಬಸವಕಲ್ಯಾಣದ ಕಡೆಯ ಗೋರಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡದಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರೆಂದು ಆ ಭಾಗದ ಜನರ ಲೆಕ್ಕ. ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ ರಜಾಕಾರರು ಹಚ್ಚಿದ ಬೆಂಕಿಗೆ ಒಂದು ಬಡ ಕುಟುಂಬದ ತಾಯಿಯೂ ಮಗಳೂ ಬಲಿಯಾದರು. ಉಳಿದುಕೊಂಡ ಚಿಕ್ಕ ಬಾಲಕ ಮುಂದೆ ರಾಷ್ಟ್ರ ರಾಜಕಾರಣದಲ್ಲಿ ಹೆಸರಾದ ಮಲ್ಲಿಕಾರ್ಜುನ ಖರ್ಗೆ. ಕೊನೆಗೆ ಸೆಪ್ಟೆಂಬರ್ 13ರಂದು ಭಾರತದ ಸೇನೆ ಗಡಿ ದಾಟಿತು. ಅದರ ಮುಖ್ಯ ದಳ ಸೋಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ, ನಮ್ಮ ಹುಮನಾಬಾದಿನ ಮೇಲೆಯೇ ಸಾಗಿತು. 17ರಂದು ನಿಜಾಮರು ಶರಣಾದರು. ಇಂದಿಗೂ ನಮ್ಮ ಹಿರಿಯರು ಮಕ್ಕಳ ವಯಸ್ಸನ್ನು ಲೆಕ್ಕ ಹಾಕುವುದು ‘ಪೊಲೀಸ್ ಆಕ್ಷನ್ ಮೊದಲು’, ‘ಪೊಲೀಸ್ ಆಕ್ಷನ್ ಆದಮ್ಯಾಗ’ ಎಂದೇ.

ನಾನು ಗುರುಮಠದಲ್ಲಿ ಓದುತ್ತಿದ್ದಾಗ ನಮಗೆ ಪ್ರಬೋಧನೆಯ ಕಲೆಯನ್ನು ಕಲಿಸುತ್ತಿದ್ದ ಹಿರಿಯ ಗುರುಗಳೊಬ್ಬರಿದ್ದರು. ಜನರು ನಿದ್ದೆ ಹೋಗದಂತೆ ಮಾತನಾಡಬೇಕಾದರೆ ಕಥೆ ಹೇಳಲು ಕಲಿಯಿರಿ ಎನ್ನುತ್ತಿದ್ದರು. ಕಥೆಗೆ ನಾಲ್ಕು ಸಂಗತಿಗಳು ಬೇಕೆಂಬುದು ಅವರ ಪಾಠ. ಕಣ್ಣಿಗೆ ಕಟ್ಟುವ ಒಂದು ಆರಂಭ. ಎಲ್ಲರೂ ಗುರುತಿಸಬಲ್ಲ ಒಬ್ಬ ಎದುರಾಳಿ. ಕೇಳುವವನ ಮನಸ್ಸು ಹಿಡಿದು ನಿಲ್ಲುವಂಥ ಒಂದು ಸಣ್ಣ ವಿವರ. ಕೊನೆಯಲ್ಲಿ ಎದೆಯ ಭಾರ ಇಳಿಸುವ ಒಂದು ಬಿಡುಗಡೆ. ಅವರು ಹೇಳಿದ್ದು ತಪ್ಪಲ್ಲ. ಮೂವತ್ತು ವರ್ಷಗಳ ಸೇವೆಯಲ್ಲಿ ಅದು ನನ್ನನ್ನು ಎಷ್ಟೋ ಸಲ ಕಾಪಾಡಿದೆ.

2004ರ ಸೆಪ್ಟೆಂಬರ್ 17ರಂದು ನಮ್ಮ ಸೀಮೆಯ ಒಂದು ಶಾಲೆಯಲ್ಲಿ ವಿಮೋಚನಾ ದಿನದ ಭಾಷಣ ಮಾಡುವ ಅವಕಾಶ ನನಗೆ ಒದಗಿತು. ಗುರುಗಳು ಕಲಿಸಿದ ನಾಲ್ಕೂ ಸಂಗತಿಗಳನ್ನು ನಾನು ಅಂದು ಪ್ರಯೋಗಿಸಿದೆ. ಜೋಳದ ಹೊಲದ ಬದುವಿನಲ್ಲಿ ಕುದುರೆಗಳ ಗೊರಸಿನ ಸದ್ದಿನಿಂದ ಆರಂಭಿಸಿದೆ. ರಜ್ವಿಯನ್ನು ಎದುರಾಳಿಯನ್ನಾಗಿ ನಿಲ್ಲಿಸಿದೆ. ಗೋರಟಾದಲ್ಲಿ ಕುಂಕುಮ ಅಳಿಸಿದ ಹಣೆಗಳ ಚಿತ್ರ ಕೊಟ್ಟೆ. ಕಡೆಗೆ ಹುಮನಾಬಾದಿನ ರಸ್ತೆಯಲ್ಲಿ ಸೇನೆಯ ಗಾಡಿಗಳನ್ನು ತಂದು, ತ್ರಿವರ್ಣ ಧ್ವಜವನ್ನು ಏರಿಸಿ ಮುಗಿಸಿದೆ. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ.

ಚಹಾ ಕುಡಿಯುವಾಗ, ಅತಿಥಿಗಳಾಗಿ ಬಂದಿದ್ದ ನಿವೃತ್ತ ಉರ್ದು ಶಿಕ್ಷಕರೊಬ್ಬರು ನನ್ನ ಪಕ್ಕದ ಕುರ್ಚಿಗೆ ಬಂದು ಕುಳಿತರು. ಅರವತ್ತೈದು ದಾಟಿದ, ಮೆಲುದನಿಯ ಮನುಷ್ಯ. “ಫಾದರ್ ಸಾಬ್, ಭಾಳ ಛಲೋ ಹೇಳಿದ್ರಿ. ಅದರಾಗ ಒಂದೂ ಮಾತು ಸುಳ್ಳಿಲ್ಲ” ಎಂದರು. ಬಸಿಯಲ್ಲಿದ್ದ ಚಹಾ ಮುಗಿಸಿ ಮತ್ತೆ ಹೇಳಿದರು: “ಆದ್ರ ನೀವು ಎಲ್ಲಿ ಮುಗಿಸಿದ್ರಿ, ನಮ್ಮ ಮನ್ಯಾಗ ಕಥಿ ಅಲ್ಲಿಂದ ಸುರು ಆಗ್ತದ.”

ಅವರು ಮುಂದೆ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಗಡಿಬಿಡಿಯ ನೆಪ ಹೇಳಿ ಎದ್ದುಬಂದೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಅದನ್ನೂ ಇಲ್ಲಿ ನಿವೇದಿಸುತ್ತೇನೆ. ಮರುವರ್ಷ ಇನ್ನೊಂದು ಊರಿನವರು ಕರೆದಾಗ ಅದೇ ಭಾಷಣವನ್ನು, ಅದೇ ಗೊರಸಿನ ಸದ್ದಿನಿಂದ ಅದೇ ಧ್ವಜದವರೆಗೆ, ಒಂದಕ್ಷರ ಬದಲಿಸದೆ ಮಾಡಿದೆ. ಚಪ್ಪಾಳೆ ಗಿಟ್ಟಿಸಿದ ಕಥೆಯನ್ನು ಕೈಬಿಡುವುದು ಸುಲಭವಲ್ಲ. ಕೆಲವು ವರ್ಷಗಳ ಬಳಿಕ ಆ ಶಿಕ್ಷಕರು ತೀರಿಕೊಂಡರೆಂದು ಯಾರೋ ಹೇಳಿದರು. ಅವರ ಮನೆಯ ಕಥೆ ಏನೆಂಬುದನ್ನು ಕೇಳುವ ಅವಕಾಶ ಅವರೊಂದಿಗೇ ಹೋಯಿತು.

2013ರಲ್ಲಿ ಒಂದು ಸುದ್ದಿ ಕಣ್ಣಿಗೆ ಬಿತ್ತು. ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಪ್ರಧಾನಿ ನೆಹರೂ ಅವರ ಸರ್ಕಾರ ಪಂಡಿತ ಸುಂದರಲಾಲರ ನೇತೃತ್ವದಲ್ಲಿ ಒಂದು ಸಮಿತಿಯನ್ನು ಹೈದರಾಬಾದ್ ಸಂಸ್ಥಾನಕ್ಕೆ ಕಳುಹಿಸಿತ್ತು. ಖಾಜಿ ಅಬ್ದುಲ್ ಗಫಾರರೂ ಅದರಲ್ಲಿದ್ದರು. 1948ರ ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಅವರು ಸಂಸ್ಥಾನದ 16 ಜಿಲ್ಲೆಗಳಲ್ಲಿ 9 ಜಿಲ್ಲೆಗಳನ್ನು ಸುತ್ತಿ ವರದಿ ಬರೆದರು. ಆ ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. ದಶಕಗಳ ನಂತರ ಅದು ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಓದಲು ಸಿಗುತ್ತಿದೆ ಎಂಬುದೇ ಆ ಸುದ್ದಿ.

ಕಾರ್ಯಾಚರಣೆಯ ಸಮಯದಲ್ಲೂ ಅದರ ನಂತರದ ದಿನಗಳಲ್ಲೂ ಸತ್ತವರು ಕಡಿಮೆಯೆಂದರೂ 27,000ದಿಂದ 40,000 ಎಂದು ಸಮಿತಿ ಅಂದಾಜು ಮಾಡಿದೆ. ಅವರಲ್ಲಿ ಬಹುಪಾಲು ಮುಸ್ಲಿಮರು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿರುವುದು ಉಸ್ಮಾನಾಬಾದ್, ಗುಲಬರ್ಗಾ, ಬೀದರ್ ಮತ್ತು ನಾಂದೇಡ್. ರಜಾಕಾರರಿಂದ ಅತಿ ಹೆಚ್ಚು ನೊಂದ ಜಿಲ್ಲೆಗಳೂ ಇವೇ ಎಂಬುದನ್ನು ಅದೇ ವರದಿ ಹೇಳುತ್ತದೆ. ಸಮವಸ್ತ್ರ ತೊಟ್ಟವರಲ್ಲಿ ಕೆಲವರು ಸುಲಿಗೆಗೆ ಕುಮ್ಮಕ್ಕು ಕೊಟ್ಟರೆಂಬುದನ್ನು ಅದು ಮುಚ್ಚಿಟ್ಟಿಲ್ಲ. ಪ್ರಾಣದ ಹಂಗು ತೊರೆದು ಮುಸ್ಲಿಮ್ ನೆರೆಯವರನ್ನು ಕಾಪಾಡಿದ ಹಿಂದೂಗಳನ್ನು ನೆನೆಯುವುದನ್ನೂ ಮರೆತಿಲ್ಲ. ಸರ್ಕಾರಿ ಭಾಷೆಯ ಆ ಶುಷ್ಕ ಪುಟಗಳ ನಡುವೆ ಒಂದೆಡೆ ಒಂದು ಬಾವಿ ಬರುತ್ತದೆ. ಹೆಣಗಳು ತೇಲುತ್ತಿದ್ದ ಆ ಬಾವಿಯಲ್ಲಿ ಎದೆಗೆ ಕೂಸನ್ನು ಅವಚಿಕೊಂಡ ಒಬ್ಬ ತಾಯಿಯನ್ನು ಸಮಿತಿಯವರು ಕಂಡರು. ಸಂಖ್ಯೆಗಳು ಮನಸ್ಸಿನಿಂದ ಜಾರಿಹೋಗಬಹುದು, ಆ ತಾಯಿ ಹೋಗುವುದಿಲ್ಲ. ಅಂದು ನಾನು ಗೋರಟಾದ ಹಣೆಗಳನ್ನು ವರ್ಣಿಸಿದ್ದು ನೆನಪಾಯಿತು. ಆ ಹಣೆಗಳೂ ಈ ಬಾವಿಯೂ ಒಂದೇ ವರ್ಷದವು, ಒಂದೇ ಸಂಸ್ಥಾನದವು. ನಾನು ಮೊದಲನೆಯದನ್ನಷ್ಟೇ ಹೇಳಿದ್ದೆ.

ಇಷ್ಟಾದರೂ, ಅದನ್ನೆಲ್ಲ ಓದಿ ವಿಷಾದಪಟ್ಟೆನೇ ಹೊರತು ನನ್ನ ಕಥೆ ಹೇಳುವ ಬಗೆಯಲ್ಲಿಯೇ ದೋಷವಿತ್ತೆಂದು ನನಗೆ ಹೊಳೆಯಲಿಲ್ಲ. ಅದು ಹೊಳೆದದ್ದು ದೂರದ ಅಮೆರಿಕದ ಕಥೆಯೊಂದರಿಂದ. ಅಲ್ಲಿನ ಧರ್ಮಕೇಂದ್ರವೊಂದರಲ್ಲಿ ಸೇವೆ ಸಲ್ಲಿಸುತ್ತಿರುವ ನನ್ನ ಗುರುಮಠದ ಸಹಪಾಠಿಯೊಬ್ಬರು ರಜೆಗೆ ಬಂದಾಗ ಒಂದು ಪುಸ್ತಕ ಕೊಟ್ಟರು. ಡೇವಿಡ್ ಗ್ರ್ಯಾನ್ ಎಂಬ ಪತ್ರಕರ್ತರು 2017ರಲ್ಲಿ ಪ್ರಕಟಿಸಿದ ‘ಕಿಲ್ಲರ್ಸ್ ಆಫ್ ದ ಫ್ಲವರ್ ಮೂನ್’. 2023ರಲ್ಲಿ ಅದು ಚಲನಚಿತ್ರವಾಗಿಯೂ ಬಂತು.

ಓಸೇಜ್ ಎಂಬುದು ಅಮೆರಿಕದ ಒಂದು ಮೂಲನಿವಾಸಿ ಜನಾಂಗ. ತಮ್ಮ ನೆಲದಿಂದ ಮತ್ತೆ ಮತ್ತೆ ಒಕ್ಕಲೆಬ್ಬಿಸಲ್ಪಟ್ಟ ಅವರು, ಬಿಳಿಯರು ಯಾರೂ ಬಯಸಲಾರರೆಂದು ಒಕ್ಲಹಾಮಾದಲ್ಲಿ ಒಂದು ಕಲ್ಲುನೆಲವನ್ನು ಕೊಂಡು ನೆಲೆಸಿದರು. ಆ ನೆಲದಡಿಯಲ್ಲಿ ಎಣ್ಣೆ ಸಿಕ್ಕಿತು. 1906ರ ಕಾಯಿದೆಯ ಪ್ರಕಾರ ಪಟ್ಟಿಯಲ್ಲಿದ್ದ 2,229 ಮಂದಿಗೆ ಎಣ್ಣೆಯ ಆದಾಯದಲ್ಲಿ ಒಂದೊಂದು ಪಾಲು. ಆ ಪಾಲನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ. ವಾರಸುದಾರಿಕೆಯಿಂದ ಮಾತ್ರ ಪಡೆಯಬಹುದು. 1923ರ ಒಂದೇ ವರ್ಷದಲ್ಲಿ ಅವರಿಗೆ 3 ಕೋಟಿ ಡಾಲರಿಗೂ ಮಿಕ್ಕಿ ಹಣ ಬಂತು. ಆ ಹಣವನ್ನು ನಿಭಾಯಿಸುವ ಬುದ್ಧಿ ಇವರಿಗಿಲ್ಲವೆಂದು ಸರ್ಕಾರ ಬಿಳಿಯ ‘ಪಾಲಕ’ರನ್ನು ನೇಮಿಸಿತು. ವಾರಸುದಾರಿಕೆಯಿಂದ ಮಾತ್ರ ಆಸ್ತಿ ಸಿಗುವುದಾದರೆ ದುರಾಶೆಯ ಮನುಷ್ಯ ಏನು ಮಾಡುತ್ತಾನೆ? ಮದುವೆಯಾಗುತ್ತಾನೆ, ಆಮೇಲೆ ಸಾವುಗಳಿಗಾಗಿ ಕಾಯುತ್ತಾನೆ, ಕಾಯಲಾರದಿದ್ದರೆ ಕೊಲ್ಲಿಸುತ್ತಾನೆ.

ಮಾಲಿ ಬರ್ಕ್‌ಹಾರ್ಟ್ ಎಂಬ ಓಸೇಜ್ ಹೆಂಗಸಿನ ಅಕ್ಕ ಆ್ಯನಾ ಬ್ರೌನ್ 1921ರ ಮೇ ತಿಂಗಳಿನಲ್ಲಿ ಗುಂಡೇಟಿನಿಂದ ಸತ್ತುಬಿದ್ದಿದ್ದಳು. ಎರಡು ತಿಂಗಳಿಗೆ ತಾಯಿ ತೀರಿಕೊಂಡಳು. 1923ರಲ್ಲಿ ಇನ್ನೊಬ್ಬ ಸೋದರಿಯ ಮನೆಯನ್ನೇ ಸ್ಫೋಟಿಸಲಾಯಿತು. ಸಂಚಿನ ಮುಖ್ಯಸ್ಥ ವಿಲಿಯಂ ಹೇಲ್, ಊರಿನ ಗಣ್ಯ, ಓಸೇಜರ ಹಿತೈಷಿಯೆಂದು ಹೆಸರಾದವನು. ಅವನ ಸೋದರಳಿಯ ಅರ್ನೆಸ್ಟ್ ಮಾಲಿಯ ಸ್ವಂತ ಗಂಡ. ಮಾಲಿ ಕಥೋಲಿಕಳು. 1925ರ ಕೊನೆಯಲ್ಲಿ, ಕಾಯಿಲೆಯಿಂದ ಮನೆಯಲ್ಲೇ ಉಳಿದಿದ್ದ ಅವಳು ಊರಿನ ಗುರುಗಳಿಗೆ ಗುಟ್ಟಾಗಿ ಒಂದು ಸಂದೇಶ ಕಳುಹಿಸಿದಳು: ತನ್ನ ಪ್ರಾಣ ಅಪಾಯದಲ್ಲಿದೆ ಎಂದು. ಮದ್ದಿನ ಹೆಸರಿನಲ್ಲಿ ಅವಳಿಗೆ ವಿಷ ಕೊಡಲಾಗುತ್ತಿದೆ ಎಂಬ ವರದಿಯೂ ಅಧಿಕಾರಿಗಳಿಗೆ ತಲಪಿತು. ಅವಳು ಬದುಕಿಕೊಂಡಳು. ಆ ಪುಟದಲ್ಲಿ ನಾನು ಬಹಳ ಹೊತ್ತು ನಿಂತೆ. ತನ್ನದೇ ಮನೆಯಲ್ಲಿ ಯಾರನ್ನೂ ನಂಬಲಾಗದ ಹೆಂಗಸೊಬ್ಬಳು ತನ್ನ ಮಾತನ್ನು ಕೇಳುವರೆಂದು ಆರಿಸಿಕೊಂಡದ್ದು ಒಬ್ಬ ಗುರುವನ್ನು. ನನ್ನ ಪಕ್ಕದ ಕುರ್ಚಿಗೆ ಬಂದು ಕುಳಿತ ಶಿಕ್ಷಕರು ಕಣ್ಣ ಮುಂದೆ ಬಂದರು.

ಈ ಪುಸ್ತಕ ಕಾದಂಬರಿಯಲ್ಲ. ಪ್ರತಿಯೊಂದು ಸಂಗತಿಗೂ ದಾಖಲೆಯ ಆಧಾರವಿದೆ. ಆದರೂ ಅದು ಕಾದಂಬರಿಯ ಉಪಕರಣಗಳನ್ನೇ ಬಳಸುತ್ತದೆ. ಮೇ ತಿಂಗಳಿನಲ್ಲಿ ಎತ್ತರದ ಗಿಡಗಳು ಬೆಳೆದು ಪುಟ್ಟ ಹೂಗಳ ಬೆಳಕನ್ನೂ ನೀರನ್ನೂ ಕಸಿದು ಕೊಲ್ಲುವ ಚಿತ್ರದಿಂದ ಅದು ಆರಂಭವಾಗುತ್ತದೆ. ಗಂಡನೇ ದ್ರೋಹಿಯೆಂದು ಬರೆಯುವವರಿಗೆ ಮೊದಲೇ ಗೊತ್ತು; ನಮಗೆ ಹೇಳುವುದಿಲ್ಲ. ಕುತೂಹಲ ಕೆರಳಿಸಲೆಂದು ಮಾತ್ರ ಹೀಗೆ ಮಾಡಿದ್ದಾರೆಂದು ಮೊದಲು ಅಂದುಕೊಂಡೆ. ಅದಲ್ಲ. ಆ ಮನೆಯಲ್ಲಿ ಮಾಲಿ ಹೇಗೆ ನಂಬಿಕೊಂಡು ಬದುಕಿದಳೋ ಹಾಗೆಯೇ ಓದುಗನೂ ನಂಬಿಕೊಂಡು ಬದುಕಬೇಕು, ನಂಬಿಕೆ ಮುರಿದಾಗ ಅವಳ ನೋವು ಅವನಿಗೂ ತಾಗಬೇಕು. ಸಾಹಿತ್ಯದ ತಂತ್ರ ಇಲ್ಲಿ ಸತ್ಯದ ಸೇವೆಯಲ್ಲಿದೆ.

ಹೇಲನಿಗೆ 1929ರಲ್ಲಿ ಶಿಕ್ಷೆಯಾಯಿತು. ಸಂಶೋಧನೆ ನಡೆಸಿದ ಕೇಂದ್ರ ತನಿಖಾ ಸಂಸ್ಥೆ ಈ ಪ್ರಕರಣವನ್ನು ತನ್ನ ಹೆಮ್ಮೆಯಾಗಿ ಮೆರೆಸಿತು. 1930ರ ದಶಕದಲ್ಲಿ ಅದು ಬಾನುಲಿ ನಾಟಕವೂ ಆಯಿತು. ಖಳನಾಯಕ ಸಿಕ್ಕಿಬಿದ್ದ, ನ್ಯಾಯ ಗೆದ್ದಿತು, ಪರದೆ ಬಿತ್ತು. ಗ್ರ್ಯಾನ್ ಅವರ ಪುಸ್ತಕದ ಎರಡನೆಯ ಭಾಗವೂ ಅಲ್ಲಿಗೇ ಮುಗಿಯುತ್ತದೆ. ಆದರೆ ಅನಂತರ ಮೂರನೆಯ ಭಾಗವೊಂದಿದೆ. ಲೇಖಕರು ಸ್ವತಃ ಓಸೇಜರ ನಡುವೆ ಹೋಗುತ್ತಾರೆ. ಒಬ್ಬೊಬ್ಬರೂ ತಮ್ಮ ಮನೆಯ ಒಂದೊಂದು ಸಾವನ್ನು ಹೇಳುತ್ತಾರೆ. ಅವು ಯಾವುವೂ ಹೇಲನ ಲೆಕ್ಕಕ್ಕೆ ಬರುವುದಿಲ್ಲ. ಸರ್ಕಾರಿ ದಫ್ತರಖಾನೆಯಲ್ಲಿ ಅವರಿಗೆ ಪಾಲಕರ ಒಂದು ಪುಸ್ತಿಕೆ ಸಿಗುತ್ತದೆ. ಪಾಲಕನ ಹೆಸರು, ಅವನ ಆಶ್ರಯದಲ್ಲಿದ್ದ ಓಸೇಜರ ಹೆಸರುಗಳು; ಎಷ್ಟೋ ಹೆಸರುಗಳ ಮುಂದೆ ಒಂದೇ ಪದ: ‘ಸತ್ತಿದ್ದಾರೆ’. ಅಧಿಕೃತ ಲೆಕ್ಕದಲ್ಲಿ ಕೊಲೆಯಾದವರು ಇಪ್ಪತ್ತನಾಲ್ಕು ಮಂದಿ. ನಿಜವಾದ ಸಂಖ್ಯೆ ಅದಕ್ಕಿಂತ ಬಹಳ ದೊಡ್ಡದೆಂಬುದು ಆ ಪುಟಗಳಿಂದ ತಿಳಿಯುತ್ತದೆ. ವೈದ್ಯರು, ವಕೀಲರು, ವ್ಯಾಪಾರಿಗಳು, ಹೆಣ ಸಾಗಿಸುವವರು ಅನೇಕರು ಇದರಲ್ಲಿ ಭಾಗಿಗಳಾಗಿದ್ದರು, ಇಲ್ಲವೇ ಕಂಡೂ ಕಾಣದಂತಿದ್ದರು. ಒಬ್ಬ ಖಳನಾಯಕ ಸಿಕ್ಕಿದ್ದು ಅವರೆಲ್ಲರಿಗೂ ಅನುಕೂಲವಾಯಿತು.

ಅಲ್ಲಿ ನಾನು ಪುಸ್ತಕ ಮುಚ್ಚಿದೆ. ನನ್ನ ಸೆಪ್ಟೆಂಬರ್ 17ರ ಭಾಷಣ ಆ ಬಾನುಲಿ ನಾಟಕದಂಥದೇ ಆಗಿತ್ತು. ಅದರಲ್ಲಿ ಎರಡು ಭಾಗಗಳಿದ್ದವು, ಮೂರನೆಯದಿರಲಿಲ್ಲ. ಒಂದೂ ಸುಳ್ಳು ಹೇಳದೆ ಹೇಗೆ ಸುಳ್ಳು ಕಥೆ ಹೇಳಬಹುದೆಂಬುದು ಆಗ ನನಗೆ ಅರ್ಥವಾಯಿತು. ಕಥೆಯನ್ನು ಎಲ್ಲಿಂದ ತೊಡಗಿ ಎಲ್ಲಿ ನಿಲ್ಲಿಸುತ್ತೇವೆ ಎಂಬುದು ಬರೀ ಕಲೆಯ ಪ್ರಶ್ನೆಯಲ್ಲ; ಯಾರ ಸಾವು ಲೆಕ್ಕಕ್ಕೆ ಬರಬೇಕು, ಯಾರದು ಬರಬಾರದು ಎಂಬುದನ್ನು ಅದು ತೀರ್ಮಾನಿಸುತ್ತದೆ. ಗೋರಟಾದಿಂದ ತೊಡಗಿ ಸೆಪ್ಟೆಂಬರ್ 17ಕ್ಕೆ ನಿಲ್ಲಿಸಿದರೆ ಒಂದು ಕಥೆ. ಸೆಪ್ಟೆಂಬರ್ 17ರಿಂದ ತೊಡಗಿ, ಗೋರಟಾವನ್ನು ಬಿಟ್ಟುಬಿಟ್ಟರೆ ಇನ್ನೊಂದು ಕಥೆ. ಅದೂ ಅಷ್ಟೇ ಅರೆಬರೆ. ಗೋರಟಾದಲ್ಲಿ ಹುತಾತ್ಮರಿಗೆ 2023ರಲ್ಲಿ ಸ್ಮಾರಕ ನಿಂತಿದೆ, ನಿಲ್ಲಬೇಕಾದದ್ದೇ. ಬಾವಿಯಲ್ಲಿದ್ದ ಆ ತಾಯಿಗೆ ಎಲ್ಲಿಯೂ ಕಲ್ಲಿಲ್ಲ.

ಎದುರಾಳಿಯ ವಿಷಯದಲ್ಲಿಯೂ ನಾನು ಎಡವಿದ್ದೆ. ರಜ್ವಿಯ ಹೆಸರು ಹೇಳಿದೆ, ಶೋಯೆಬುಲ್ಲಾ ಖಾನರ ಹೆಸರು ಹೇಳಲಿಲ್ಲ. ಹೈದರಾಬಾದಿನ ‘ಇಮ್ರೋಜ್’ ಉರ್ದು ಪತ್ರಿಕೆಯ ಆ ತರುಣ ಸಂಪಾದಕರು ರಜಾಕಾರರ ವಿರುದ್ಧ, ಭಾರತದೊಡನೆ ಸೇರ್ಪಡೆಯ ಪರವಾಗಿ ಬರೆಯುತ್ತಿದ್ದರು. 1948ರ ಆಗಸ್ಟ್ ತಿಂಗಳಿನಲ್ಲಿ ರಾತ್ರಿ ಮನೆಗೆ ಮರಳುವಾಗ ಅವರನ್ನು ಕೊಂದು, ಬರೆಯುತ್ತಿದ್ದ ಕೈಯನ್ನು ಕತ್ತರಿಸಿಹಾಕಲಾಯಿತು. ಅವರನ್ನು ಕಥೆಗೆ ತಂದಿದ್ದರೆ ರಜಾಕಾರರು ರಜಾಕಾರರಾಗಿಯೇ ಉಳಿಯುತ್ತಿದ್ದರು, ಒಂದು ಇಡೀ ಸಮುದಾಯದ ಮುಖವಾಗುತ್ತಿರಲಿಲ್ಲ. ಮಕ್ಕಳಲ್ಲಿ ಕೆಲವರಾದರೂ ಅಂದು ಪಕ್ಕದಲ್ಲಿ ಕುಳಿತ ಗೆಳೆಯನನ್ನು ಬೇರೆ ಕಣ್ಣಿನಿಂದ ನೋಡಿರಬಹುದು. ಆ ಪಾಪದಲ್ಲಿ ನನ್ನ ಪಾಲಿದೆ. ವರವಟ್ಟಿಯ ಆ ದುರಂತವನ್ನು 2024ರಲ್ಲಿ ಚುನಾವಣೆಯ ಮಾತಾಗಿ ಎಳೆದು ತಂದಾಗ, ಅಜ್ಜಿಯನ್ನೂ ಸೋದರತ್ತೆಯನ್ನೂ ಆ ಬೆಂಕಿಯಲ್ಲಿ ಕಳೆದುಕೊಂಡ ಕುಟುಂಬದ ಮೊಮ್ಮಗನೇ ಅದು ರಜಾಕಾರರ ಕೃತ್ಯ, ಇಡೀ ಮುಸ್ಲಿಮ್ ಸಮುದಾಯದ್ದಲ್ಲವೆಂದು ಉತ್ತರಿಸಿದರು. ಪಕ್ಷಗಳ ಮಾತು ಹಾಗಿರಲಿ. ಬೆಂಕಿ ತಾಗಿದವರೇ ಇಷ್ಟು ಎಚ್ಚರದಿಂದ ಮಾತನಾಡಬಲ್ಲರಾದರೆ, ತಾಗದ ನಾನು ಯಾಕೆ ಆಡಲಿಲ್ಲ?

ಇನ್ನು ಹೆಸರುಗಳ ಮಾತು. ನಮ್ಮ ಸೀಮೆಯ ಅಪರಾಧ ಕಥನಗಳಲ್ಲಿ ಕೊಂದವನ ಹೆಸರೇ ಮೆರೆದದ್ದು ಹೆಚ್ಚು. ನಿಜಾಮರ ಸೇವೆಯಲ್ಲಿದ್ದು ಮುಂದೆ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ 1839ರಲ್ಲಿ ಪ್ರಕಟಿಸಿದ ಠಗ್ಗನ ಕಥೆಯಲ್ಲಿ ಕೊಲೆಗಾರ ಅಮೀರ್ ಅಲಿಯೇ ನಿರೂಪಕ. ಕೊಲೆಯಾದ ದಾರಿಹೋಕರು ಬಂದು ಹೋಗುವ ನೆರಳುಗಳು. ನಮ್ಮ ಕಾಲದಲ್ಲಿ ರವಿ ಬೆಳಗೆರೆಯವರ ‘ಭೀಮಾ ತೀರದ ಹಂತಕರು’ ಮನೆಮಾತಾಯಿತು. ಓದಿದವರಿಗೆ ಹಂತಕರ ಹೆಸರುಗಳು ನೆನಪಿವೆ. ಹತರಾದವರ ಹೆಸರುಗಳನ್ನು ಕೇಳಿ ನೋಡಿ. ಆದರೆ ನಮ್ಮ ನೆಲದಲ್ಲಿಯೇ ಇದಕ್ಕಿಂತ ಹಳೆಯ ಇನ್ನೊಂದು ಸಂಪ್ರದಾಯವಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಜಾತಿ ಮೀರಿದ ಮದುವೆಗಾಗಿ ಮರಣದಂಡನೆಗೆ ಗುರಿಯಾದ ಹರಳಯ್ಯ, ಮಧುವರಸರ ಹೆಸರು ಎಂಟುನೂರು ವರ್ಷಗಳಾದರೂ ಅಳಿದಿಲ್ಲ. ಬಸವಕಲ್ಯಾಣದಲ್ಲಿ ಹರಳಯ್ಯನ ಗವಿಗೆ ಜನ ಇಂದಿಗೂ ಹೋಗುತ್ತಾರೆ. ಅವರನ್ನು ಕೊಂದ ಕೈಗಳ ಹೆಸರು ಯಾರಿಗೂ ಗೊತ್ತಿಲ್ಲ. ಕೊಲೆಯ ಕಥೆಯನ್ನು ಹೇಗೆ ಹೇಳಬೇಕೆಂದು ಕಲಿಯಲು ನಾವು ಅಮೆರಿಕದವರೆಗೆ ಹೋಗಬೇಕಾಗಿರಲಿಲ್ಲ.

ನಮ್ಮ ವಿಶ್ವಾಸದ ತಿರುಳೂ ಒಂದು ಕೊಲೆಯ ವೃತ್ತಾಂತವೇ. ಅದನ್ನು ಬರೆದ ನಾಲ್ವರು ಶುಭಸಂದೇಶಕಾರರ ಕೈಯಲ್ಲಿ ಯೂದ, ಕಾಯಫ, ಪಿಲಾತರಂಥ ಎದುರಾಳಿಗಳಿದ್ದರು. ಅವರಷ್ಟೇ ಸಾಕಾಗಿತ್ತು. ಆದರೂ ನಾಲ್ವರಲ್ಲಿ ಒಬ್ಬರೂ ಪೇತ್ರನನ್ನು ಬಿಟ್ಟುಕೊಡಲಿಲ್ಲ. ಚಳಿ ಕಾಯಿಸಿಕೊಳ್ಳುತ್ತಾ ಬೆಂಕಿಯ ಬಳಿ ನಿಂತು, ಆತನನ್ನು ಅರಿಯೆನೆಂದವನ ಸಂಗತಿಯನ್ನು ನಾಲ್ವರೂ ದಾಖಲಿಸಿದರು. ತಮ್ಮ ಬಳಗದ ಹಿರಿಯನ ಹೇಡಿತನವನ್ನು ಮರೆಮಾಚದ ಕಥೆಯಾದ್ದರಿಂದಲೇ ಅದು ನಂಬಲು ಅರ್ಹವಾಗಿದೆ ಎಂದು ನಾನು ಪ್ರತಿವರ್ಷ ಶುಭಶುಕ್ರವಾರ ಪ್ರಬೋಧಿಸುತ್ತಿದ್ದೆ. ನನ್ನ ಕಥೆಯಲ್ಲಿ ಪೇತ್ರನೆಲ್ಲಿ ಎಂದು ಮಾತ್ರ ಎಂದೂ ಹುಡುಕಿರಲಿಲ್ಲ. 1948ರ ಗಲಭೆಯಲ್ಲಿ ನಾವು ಕ್ರೈಸ್ತರು ಎರಡು ಕಡೆಯವರೂ ಅಲ್ಲ, ನಮ್ಮ ಕೈ ಶುದ್ಧ ಎಂಬ ನೆಮ್ಮದಿಯಲ್ಲಿದ್ದೆ.

ಕಳೆದ ವರ್ಷ ನಿರ್ಣಾಕ್ಕೆ ಹೋದಾಗ ಈ ಪುಸ್ತಕದ ಗುಂಗಿನಲ್ಲಿಯೇ ಇದ್ದೆ. ಹಳೆಯ ಮನೆಯಲ್ಲಿ ಈಗ ನನ್ನ ತಂದೆಯ ಅಕ್ಕ ಇದ್ದಾರೆ. ಎಂಬತ್ತೈದರ ಆಸುಪಾಸು; ಪೊಲೀಸ್ ಆಕ್ಷನ್ ಆದಾಗ ಎಂಟು ವರ್ಷದ ಹುಡುಗಿ. ರೊಟ್ಟಿ ಉಂಡು ಕುಳಿತಾಗ ಅಟ್ಟದ ಕಡೆ ನೋಡಿ, “ಅತ್ತೀ, ಆಯಿ ಆ ಬೋಗಾಣಿಗೆ ಕಲಾಯಿ ಯಾಕ ಹಾಕಿಸಲಿಲ್ಲ?” ಎಂದು ಕೇಳಿದೆ. ಐವತ್ತು ವರ್ಷಗಳಲ್ಲಿ ಈ ಪ್ರಶ್ನೆಯನ್ನು ನಿಜವಾಗಿ ಉತ್ತರ ಬೇಕೆಂದು ಕೇಳಿದ್ದು ಅದೇ ಮೊದಲು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು.

“ಅದಕ್ಕ ಕಲಾಯಿ ಹಾಕಾಂವ ಒಬ್ಬ ಸಾಬ ಇದ್ದ, ಯಪ್ಪಾ. ವರ್ಷಾ ಬರ್ತಿದ್ದ. ನಮಗೆಲ್ಲಾ ಬೆಲ್ಲದ ಚೂರು ಕೊಡ್ತಿದ್ದ. ಮಿಲಿಟ್ರಿ ಬಂದು ಎಂಟ್ಹತ್ತು ದಿನ ಆಗಿತ್ತು. ರಾತ್ರಿ ಬಂದು ಬಾಗಲಾ ಬಡದ. ‘ಅಕ್ಕಾ, ನಾ ಕಲಾಯಿವಾಲಾ, ಒಂದು ರಾತ್ರಿ ಇರ್ತೀನಿ’ ಅಂದ. ಮುತ್ಯಾ ಊರಾಗ ಇರಲಿಲ್ಲ. ಆಯಿ ಬಾಗಲಾ ತೆಗೀಲಿಲ್ಲ. ಕಿಟಕ್ಯಾಗಿಂದ ಎರಡು ರೊಟ್ಟಿ ಕೊಟ್ಟಳು. ‘ಸಣ್ಣ ಮಕ್ಕಳವ, ನೀ ಹೋಗಪ್ಪಾ’ ಅಂದಳು. ಅವ ನೀರು ಕೇಳಿದ. ನೀರೂ ಕೊಟ್ಟಳು. ಆಮ್ಯಾಗ ಹೋದ.”

“ಎಲ್ಲಿ ಹೋದ?”

“ಯಾರಿಗೆ ಗೊತ್ತು? ಮುಂದಿನ ವರ್ಷ ಬರಲಿಲ್ಲ. ಅದರ ಮುಂದಿನ ವರ್ಷಾನೂ ಬರಲಿಲ್ಲ. ಆಯಿ ಬೋಗಾಣಿ ತೊಳದು ಬೋರಲು ಹಾಕಿದಳು.”

ಆಯಿಯನ್ನು ನಾನು ತೀರ್ಪಿಗೆ ನಿಲ್ಲಿಸುತ್ತಿಲ್ಲ. ಓಸೇಜರ ನಾಡಿನಲ್ಲಿ ಕಂಡೂ ಕಾಣದಂತಿದ್ದವರಲ್ಲಿ ಅನೇಕರಿಗೆ ಲಾಭದ ಆಸೆಯಿತ್ತು. ಆಯಿಗೆ ಇದ್ದದ್ದು ಭಯ. ಬಗಲಲ್ಲಿ ನಾಲ್ಕು ಮಕ್ಕಳು. ಬಾಗಿಲು ತೆರೆದವರೂ ಆ ದಿನಗಳಲ್ಲಿ ಇದ್ದರೆಂಬುದು ನಿಜ, ಸುಂದರಲಾಲ್ ಸಮಿತಿ ಅಂಥವರನ್ನು ಕಂಡಿದೆ. ನಮ್ಮ ಮನೆಯವರು ಅವರಲ್ಲಿ ಸೇರುವುದಿಲ್ಲ ಎಂಬುದೂ ನಿಜ. ಆ ಕಲಾಯಿಯವನ ಹೆಸರೇನೆಂದು ಅತ್ತೆಯನ್ನು ಕೇಳಿದೆ. ಬಹಳ ಯೋಚಿಸಿದರು. “ಕಲಾಯಿವಾಲಾ ಅಂತಿದ್ವಿ ನಾವು” ಎಂದರು. ಬೆಲ್ಲ ಕೊಟ್ಟಿದ್ದು ಎಪ್ಪತ್ತೇಳು ವರ್ಷ ನೆನಪಿನಲ್ಲಿ ಉಳಿದಿದೆ, ಹೆಸರು ಉಳಿದಿಲ್ಲ.

ಆದಿಕಾಂಡದಲ್ಲಿ ಹೇಬೆಲನ ಕೊಲೆಯಾದ ಮೇಲೆ ದೇವರು ಕಾಯಿನನನ್ನು ಮೊದಲು ಕೇಳುವುದು ತಮ್ಮನನ್ನು ಏಕೆ ಕೊಂದೆ ಎಂದಲ್ಲ, ಅವನೆಲ್ಲಿದ್ದಾನೆ ಎಂದು. ಕೊಲ್ಲದವರೂ ಉತ್ತರ ಕೊಡಬೇಕಾದ ಪ್ರಶ್ನೆ ಅದು. ಕಲಾಯಿಯವನು ಎಲ್ಲಿ? ನನ್ನ ಪಕ್ಕದಲ್ಲಿ ಚಹಾ ಕುಡಿದ ಶಿಕ್ಷಕರ ಮನೆಯವರು ಎಲ್ಲಿ?

ನಂತರದ ಸೆಪ್ಟೆಂಬರ್ 17ರಂದು ನಮ್ಮ ಧರ್ಮಕೇಂದ್ರದ ಯುವಜನರಿಗೆ ನಾನು ಅದೇ ಕಥೆಯನ್ನು ಮತ್ತೆ ಹೇಳಿದೆ. ಗೋರಟಾ ಇತ್ತು, ವರವಟ್ಟಿ ಇತ್ತು, ಒಂದನ್ನೂ ತಗ್ಗಿಸಲಿಲ್ಲ. ಶೋಯೆಬುಲ್ಲಾ ಖಾನರ ಕೈಯನ್ನು ಹೇಳಿದೆ. ಧ್ವಜ ಏರಿದ ಸಂತೋಷವನ್ನೂ ಹೇಳಿದೆ, ಅದು ನಿಜವಾದ ಸಂತೋಷ. ಅಲ್ಲಿ ನಿಲ್ಲಿಸದೆ, ಬಾವಿಯನ್ನು ಹೇಳಿ, ಕೊನೆಗೆ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತೆ. ಈ ಸಲ ಚಪ್ಪಾಳೆ ಬರಲಿಲ್ಲ. ಒಬ್ಬ ಹುಡುಗ ಎದ್ದು, “ಫಾದರ್, ನೀವಾಗಿದ್ರೆ ಬಾಗಿಲು ತೆಗೀತಿದ್ರಾ?” ಎಂದು ಕೇಳಿದ. ಗೊತ್ತಿಲ್ಲ ಎಂದೆ. ಮೂವತ್ತು ವರ್ಷಗಳಲ್ಲಿ ನಾನು ಕೊಟ್ಟ ಅತ್ಯಂತ ಪ್ರಾಮಾಣಿಕ ಉತ್ತರ ಬಹುಶಃ ಅದೇ ಇರಬೇಕು.

ಬೋಗಾಣಿ ಇನ್ನೂ ಅಟ್ಟದ ಮೇಲೆಯೇ ಇದೆ. ಹುಮನಾಬಾದಿಗೆ ಒಯ್ದು ಕಲಾಯಿ ಹಾಕಿಸಿಕೊಂಡು ಬರಲೇ ಎಂದು ಅತ್ತೆಯನ್ನು ಕೇಳಿದೆ.

“ಬ್ಯಾಡ, ಹಂಗೇ ಇರಲಿ” ಎಂದರು. “ಅದನ್ನ ನೋಡಿ ಯಾರರ ಕೇಳ್ತಾರಲ್ಲ.”